ದೇವಾಲಯದಲ್ಲಿ ಗಿಟಾರಿನ ಸಹಜ ನಾದ

ದೇವಾಲಯದ ಗೋಡೆಗಳಿಗೆ ಚರಿತ್ರೆಯಿರುವಂತೆ ಅವುಗಳ ನಡುವೆ ಮೊಳಗಿದ ನಾದಕ್ಕೂ ಒಂದು ಚರಿತ್ರೆಯುಂಟು. ಗಾನವೃಂದದ ಯುವಕರ ಕೈಯಲ್ಲಿರುವ ಗಿಟಾರು ಈ ಚರಿತ್ರೆಯಲ್ಲಿ ತಡವಾಗಿ ಬಂದ ಅತಿಥಿ. 1903ರ ನವೆಂಬರ್ 22ರಂದು ಜಗದ್ಗುರು ಹತ್ತನೆಯ ಪಿಯುಸ್ ಅವರು ಹೊರಡಿಸಿದ ಆಜ್ಞಾಪತ್ರವು ಪಿಯಾನೋವನ್ನೂ ಗದ್ದಲದ ವಾದ್ಯಗಳನ್ನೂ ದೇವಾಲಯದಿಂದ ದೂರವಿರಿಸಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಪೂಜಾವಿಧಿಯ ಸಂವಿಧಾನವು ಪೈಪ್ ಆರ್ಗನ್ನಿನ ಗೌರವಸ್ಥಾನವನ್ನು ಉಳಿಸಿಕೊಂಡೇ, ದೇವಾಲಯದ ಘನತೆಗೆ ಒಪ್ಪುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಲ್ಯಾಟಿನ್ನಿನ ಸ್ಥಾನಕ್ಕೆ ಕನ್ನಡ ಬಂದಿತು. ಕನ್ನಡ ಗೀತೆಗಳ ಬೆನ್ನಿಗೆ ಹಾರ್ಮೋನಿಯಂ, ತಬಲಾ, ಗಿಟಾರುಗಳು ಬಂದವು.

ಆದರೂ ಗಿಟಾರು ಕ್ರೈಸ್ತ ಗಾನಕ್ಕೆ ತೀರ ಅಪರಿಚಿತವಾಗಿರಲಿಲ್ಲ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫಿನಲ್ಲಿ, ಗುರು ಯೋಸೆಫ್ ಮೋರ್ ಬರೆದು ಉಪಾಧ್ಯಾಯ ಫ್ರಾನ್ಸ್ ಗ್ರೂಬರ್ ರಾಗ ಕೂಡಿಸಿದ 'ಸೈಲೆಂಟ್ ನೈಟ್' ಗೀತೆಯು ಮೊದಲು ಕೇಳಿಸಿದ್ದು ಗಿಟಾರಿನ ಜೊತೆಯಲ್ಲಿಯೇ. ಅಂದು ಧ್ವನಿವರ್ಧಕವಿರಲಿಲ್ಲ.

ಜನ ತುಂಬಿದ ದೇವಾಲಯದಲ್ಲಿ ಗಿಟಾರಿನ ಮೆಲುದನಿ ಹಿಂದಿನ ಸಾಲುಗಳನ್ನು ಮುಟ್ಟದು. ಇದರ ಪರಿಹಾರಕ್ಕೆ ಬೀಜ ಬಿದ್ದದ್ದು 1880ರಲ್ಲಿ. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು ಆಗ ಕಂಡುಹಿಡಿದರು. ಅಮೆರಿಕದ ಚಾರ್ಲ್ಸ್ ಕಾಮನ್ ಸ್ಥಾಪಿಸಿದ ಒವೇಷನ್ ಸಂಸ್ಥೆಯು ಈ ತತ್ತ್ವದ ಪೀಜೋ ಪಿಕಪ್ಪನ್ನು ಗಿಟಾರಿನ ಕುದುರೆಯಲ್ಲಿಯೇ ಅಳವಡಿಸಿತು. ಆದರೆ ಪಿಕಪ್ಪಿಗೆ ಮುಖ್ಯವಾಗಿ ತಿಳಿಯುವುದು ತಂತಿಯ ಒತ್ತಡ. ಮರದ ಹಲಗೆಯ ಕಂಪನ, ಒಡಲೊಳಗಿನ ಗಾಳಿಯ ಗುಂಗು ಅದಕ್ಕೆ ಅಷ್ಟಾಗಿ ಸಿಕ್ಕವು. ಆದುದರಿಂದಲೇ ದನಿ ತಗಡಿನಂತೆ ಕರ್ಕಶವಾಗುವುದುಂಟು. ವಾದ್ಯದ ಮುಂದೆ ಒಂದು ಮೈಕನ್ನೂ ಇಟ್ಟು ಎರಡೂ ದನಿಗಳನ್ನು ಬೆರೆಸಿದರೆ ಮರದ ಸಹಜತೆ ಮರಳುತ್ತದೆ. ಧ್ವನಿವರ್ಧಕದ ಪೆಟ್ಟಿಗೆ ವಾದಕನ ಹಿಂದಿದ್ದರೆ ಅದರ ಸದ್ದು ಗಿಟಾರಿನ ಒಡಲನ್ನು ಮತ್ತೆ ಹೊಕ್ಕು ಊಳಿಡುತ್ತದೆ. ಪೆಟ್ಟಿಗೆಯನ್ನು ವಾದಕನ ಮುಂದೆ, ಜನರತ್ತ ಮುಖಮಾಡಿಸಿ ಇರಿಸಬೇಕು. ಆಗಲೂ ಊಳು ನಿಲ್ಲದಿದ್ದರೆ ಸುಮಾರು 100 ಹರ್ಟ್ಸ್ ಆಸುಪಾಸಿನ ಮಂದ್ರ ನಾದವನ್ನು ತುಸು ತಗ್ಗಿಸಬೇಕು.

ಸಾವನದುರ್ಗದ ನೆರಳಿನ ನಮ್ಮ ಮಾಗಡಿ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಕಲ್ಲಿನ ಗೋಡೆ, ನುಣುಪಾದ ನೆಲಹಾಸುಗಳು ಸದ್ದನ್ನು ಹೀರದೆ ಹಿಂದಿರುಗಿಸುತ್ತವೆ. ಇಂಥಲ್ಲಿ ದನಿಯನ್ನು ಏರಿಸಿದಷ್ಟೂ ಗೀತೆಯ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಭಕ್ತಾದಿಗಳು ಹಾಡುವುದನ್ನು ಬಿಟ್ಟು ಬರಿಯ ಕೇಳುಗರಾಗುತ್ತಾರೆ. ಇದು ಸಣ್ಣ ನಷ್ಟವಲ್ಲ. 1967ರ ಮಾರ್ಚ್ 5ರ 'ಮೂಸಿಕಾಂ ಸಾಕ್ರಂ' ಆದೇಶವು, ಜನರನ್ನು ಹೊರಗಿಟ್ಟು ಸಮಸ್ತ ಗಾನವನ್ನೂ ಗಾನವೃಂದಕ್ಕೇ ಒಪ್ಪಿಸುವುದು ಸಲ್ಲದೆಂದು ಸ್ಪಷ್ಟಪಡಿಸಿದೆ. ಹಳ್ಳಿಯ ಜಗುಲಿಯಲ್ಲಿ ತಂಬೂರಿ ಮೀಟುತ್ತಾ ತತ್ತ್ವಪದ ಹಾಡುವವರಿಗೆ ಈ ಮರ್ಮ ಹಿಂದಿನಿಂದಲೂ ಗೊತ್ತು. ಅವರ ತಂತಿಯ ನಾದ ಪದವನ್ನು ಎಂದಿಗೂ ಮುಚ್ಚುವುದಿಲ್ಲ.

ಗಾನವೃಂದದ ಯುವಕ ಯುವತಿಯರಲ್ಲಿ ನನ್ನ ಬಿನ್ನಹವಿಷ್ಟೆ. ಬಲಿಪೂಜೆಗೆ ಮುನ್ನ ನಿಮ್ಮಲ್ಲೊಬ್ಬರು ಕೊನೆಯ ಸಾಲಿನಲ್ಲಿ ನಿಂತು ಆಲಿಸಿರಿ. ಗಿಟಾರು ಮರದ ವಾದ್ಯದಂತೆಯೇ ಕೇಳಿಸಲಿ. ಪೂಜೆಯ ವೇಳೆ ಪಕ್ಕದಲ್ಲಿ ನಿಂತು ಹಾಡುವ ಅಜ್ಜಿಯ ದನಿಯೂ ಅದರೊಡನೆ ಕೇಳಿಸುವಂತಿದ್ದರೆ, ನಿಮ್ಮ ವಾದನ ಸಾರ್ಥಕವಾಯಿತೆಂದು ತಿಳಿಯಿರಿ.