ನಾಯಿ ನೆಕ್ಕಿದರೆ ದದ್ದು ಏಕೆ?

ಸಾಕುನಾಯಿ ಪ್ರೀತಿಯಿಂದ ಕೈ ನೆಕ್ಕುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ನೆಕ್ಕಿದ ಜಾಗ ಕೆಂಪಾಗಿ, ತುರಿಕೆ ಹತ್ತಿ, ಸೊಳ್ಳೆ ಕಚ್ಚಿದಂತೆ ದದ್ದುಗಳು ಏಳುತ್ತವೆ. ಎಲ್ಲರಿಗೂ ಹೀಗಾಗುವುದಿಲ್ಲ. ಒಂದೇ ಮನೆಯಲ್ಲಿ ಅಣ್ಣನಿಗೆ ಏನೂ ಆಗದು, ತಂಗಿಯ ಕೈ ಊದಿಕೊಳ್ಳುತ್ತದೆ. ಮನೆಯವರು ನಾಯಿಯ ಕೂದಲನ್ನು ದೂರುತ್ತಾರೆ. ಕೂದಲು ಕತ್ತರಿಸಿ ನೋಡುತ್ತಾರೆ. ಕೊನೆಗೆ ನಾಯಿಯನ್ನೇ ಯಾರಿಗಾದರೂ ಕೊಟ್ಟುಬಿಡುತ್ತಾರೆ. ನಿಜವಾದ ಕಾರಣ ಕೂದಲಲ್ಲ, ಅದಕ್ಕೆ ಅಂಟಿದ ಜೊಲ್ಲು ಮತ್ತು ಚರ್ಮದ ಹೊಟ್ಟು ಎಂಬುದನ್ನು ತಿಳಿಯಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

ಒಂದು ಕಾಲದಲ್ಲಿ ನಾಯಿಯ ಜೊಲ್ಲನ್ನು ಮದ್ದೆಂದೇ ನಂಬಲಾಗಿತ್ತು. ಗ್ರೀಸ್ ದೇಶದ ಎಪಿಡಾರಸ್‌ನಲ್ಲಿ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ದೇಗುಲವಿತ್ತು. ಅಲ್ಲಿ ಸಿಕ್ಕಿರುವ ಕ್ರಿಸ್ತಪೂರ್ವ 4ನೇ ಶತಮಾನದ ಶಾಸನಗಳಲ್ಲಿ ವಾಸಿಯಾದ ರೋಗಿಗಳ ಪಟ್ಟಿಯೇ ಇದೆ. ಈಜಿನಾ ದ್ವೀಪದ ಬಾಲಕನೊಬ್ಬನ ಕತ್ತಿನ ಮೇಲಿದ್ದ ಗೆಡ್ಡೆಯನ್ನು ದೇಗುಲದ ನಾಯಿ ನೆಕ್ಕಿ ಗುಣಪಡಿಸಿತು ಎಂದು ಅವುಗಳಲ್ಲಿ ಒಂದು ಹೇಳುತ್ತದೆ. ಇಂಥ ನಂಬಿಕೆಯ ನಡುವೆ ಅದೇ ಜೊಲ್ಲು ಕೆಲವರಿಗೆ ಒಗ್ಗುವುದಿಲ್ಲವೆಂಬ ಮಾತಿಗೆ ಎಡೆಯಿರಲಿಲ್ಲ.

ದೇಹಕ್ಕೆ ಒಂದು ವಸ್ತು ಏಕೆ ಒಗ್ಗುವುದಿಲ್ಲ ಎಂಬ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದೂ ನಾಯಿಗಳಿಂದಲೇ. 1901ರಲ್ಲಿ ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೇ ಮೊನಾಕೊ ದೊರೆ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಸಮುದ್ರಯಾನ ಮಾಡಿ, ಕಡಲಜೀವಿಗಳ ವಿಷವನ್ನು ಅಭ್ಯಾಸ ಮಾಡಿದರು. ಪ್ಯಾರಿಸಿಗೆ ಮರಳಿದ ಮೇಲೆ ನಾಯಿಗಳಿಗೆ ಆ ಬಗೆಯ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ, ಅವು ವಿಷಕ್ಕೆ ಹೊಂದಿಕೊಳ್ಳುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಆದದ್ದು ಅದಕ್ಕೆ ತದ್ವಿರುದ್ಧ. ಮೊದಲ ಚುಚ್ಚುಮದ್ದನ್ನು ತಾಳಿಕೊಂಡಿದ್ದ ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ, ಕೆಲವು ವಾರಗಳ ನಂತರ ಅಲ್ಪ ಪ್ರಮಾಣದ ವಿಷ ತಗುಲುತ್ತಲೇ ಅರ್ಧ ಗಂಟೆಯೊಳಗೆ ಸತ್ತುಹೋಯಿತು. 1902ರಲ್ಲಿ ಇದನ್ನು ಪ್ರಕಟಿಸಿದ ರಿಷೆ, ಈ ವಿಪರೀತ ಪ್ರತಿಕ್ರಿಯೆಗೆ 'ಅನಾಫಿಲಾಕ್ಸಿಸ್' ಎಂದು ಹೆಸರಿಟ್ಟರು. ರಕ್ಷಣೆಗೆ ವಿರುದ್ಧವಾದದ್ದು ಎಂಬುದು ಅದರ ತಾತ್ಪರ್ಯ. 1913ರ ನೊಬೆಲ್ ಪ್ರಶಸ್ತಿ ಅವರಿಗೆ ಈ ಕೆಲಸಕ್ಕಾಗಿಯೇ ಬಂತು.

1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕುದುರೆಯ ರಕ್ತದ ಸೀರಂನಿಂದ ಮಾಡಿದ ಔಷಧವನ್ನು ಎರಡನೇ ಬಾರಿ ಚುಚ್ಚಿಸಿಕೊಂಡ ಮಕ್ಕಳಲ್ಲಿ ಜ್ವರ, ದದ್ದುಗಳು ಹೆಚ್ಚು ಬೇಗ ಕಾಣಿಸಿಕೊಳ್ಳುವುದನ್ನು ಅವರು ಗಮನಿಸಿದ್ದರು. ಮೊದಲ ಸ್ಪರ್ಶದ ನಂತರ ಬದಲಾದ ದೇಹದ ಈ ವರ್ತನೆಗೆ ಗ್ರೀಕ್ ಮೂಲದಿಂದ ಅವರು ಕಟ್ಟಿದ ಪದವೇ 'ಅಲರ್ಜಿ'.

ಆದರೆ ರಕ್ತದಲ್ಲಿ ಬದಲಾಗುವುದಾದರೂ ಏನು? 1921ರಲ್ಲಿ ಜರ್ಮನಿಯ ಕಾರ್ಲ್ ಪ್ರೌಸ್ನಿಟ್ಸ್ ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಅವರ ಸಹೋದ್ಯೋಗಿ ಹೈನ್ಸ್ ಕ್ಯುಸ್ಟ್ನರ್ ಅವರಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಕ್ಯುಸ್ಟ್ನರ್ ಅವರ ಸೀರಂ ಅನ್ನು ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡರು. ಮೀನು ತಿಂದು ಎಂದೂ ತೊಂದರೆ ಪಡದ ಅವರ ಮೈಮೇಲೆ, ಆ ಜಾಗದಲ್ಲಿ ಮಾತ್ರ ದದ್ದು ಎದ್ದಿತು! ಅಲರ್ಜಿ ರಕ್ತದ ಮೂಲಕ ಸಾಗುತ್ತದೆ ಎಂಬುದು ಖಚಿತವಾಯಿತು. ಸಾಗಿಸುವ ವಸ್ತು ಯಾವುದೆಂದು ಗೊತ್ತಾಗಲು ಮತ್ತೆ 45 ವರ್ಷ ಬೇಕಾಯಿತು. 1966-67ರಲ್ಲಿ ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಪ್ರತ್ಯೇಕವಾಗಿ ಕಂಡುಹಿಡಿದ ಆ ಪ್ರತಿಕಾಯಕ್ಕೆ 1968ರಲ್ಲಿ 'ಐಜಿಇ' ಎಂದು ಹೆಸರಿಡಲಾಯಿತು.

ನಾಯಿ ನೆಕ್ಕಿದಾಗ ಆಗುವುದೂ ಇದೇ. ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳನ್ನು ಅಲರ್ಜಿಯುಳ್ಳವರ ದೇಹ ಶತ್ರುವೆಂದು ಬಗೆಯುತ್ತದೆ. ಚರ್ಮದ ವಿಶೇಷ ಕೋಶಗಳ ಮೇಲೆ ಕಾದು ಕುಳಿತ ಐಜಿಇ ಆ ಪ್ರೋಟೀನನ್ನು ಹಿಡಿದೊಡನೆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ತುರಿಕೆ, ಕೆಂಪು, ಊತಕ್ಕೆಲ್ಲ ಇದೇ ಮೂಲ. ನಾಯಿಯ ಅಲರ್ಜಿಕಾರಕಗಳಲ್ಲಿ ಮುಖ್ಯವಾದ 'ಕ್ಯಾನ್ ಎಫ್ 1' ತಯಾರಾಗುವುದು ನಾಲಿಗೆಯ ಗ್ರಂಥಿಗಳಲ್ಲಿ. ನಾಯಿ ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಪುಡಿಯಾಗಿ ಮನೆಯೆಲ್ಲ ಹರಡುತ್ತದೆ. ಹೀಗಾಗಿ ನಾಯಿಯನ್ನು ಮುಟ್ಟದವರಿಗೂ ಸೀನು, ಉಬ್ಬಸ ಬರಬಹುದು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೊಟ್ಟಿಗಿಂತ ಜೊಲ್ಲಿನಲ್ಲೇ ಹೆಚ್ಚು ಬಗೆಯ ಅಲರ್ಜಿಕಾರಕಗಳಿವೆ ಎಂದು ತೋರಿಸಿತು.

ಅಲರ್ಜಿ ಬಾರದ ನಾಯಿಯನ್ನೇ ಸೃಷ್ಟಿಸಲಾಗದೇ? ಈ ಪ್ರಯತ್ನವೂ ನಡೆಯಿತು. ಆಸ್ಟ್ರೇಲಿಯಾದಲ್ಲಿ ಅಂಧರಿಗೆ ಮಾರ್ಗದರ್ಶಿ ನಾಯಿಗಳನ್ನು ಒದಗಿಸುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್‌ಗೆ ಹವಾಯಿಯ ಅಂಧ ಮಹಿಳೆಯೊಬ್ಬರಿಂದ ಕೋರಿಕೆ ಬಂತು. ಆಕೆಯ ಪತಿಗೆ ನಾಯಿ ಆಗದು. 1989ರಲ್ಲಿ ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳನ್ನು ಕೂಡಿಸಿ ಮೂರು ಮರಿಗಳನ್ನು ಪಡೆದರು. ಅವುಗಳ ಕೂದಲು ಮತ್ತು ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳುಹಿಸಿದಾಗ ಒಂದು ಮರಿಯದ್ದು ಮಾತ್ರ ಆತನಿಗೆ ಒಗ್ಗಿತು. 'ಲ್ಯಾಬ್ರಡೂಡಲ್' ಹುಟ್ಟಿದ್ದು ಹೀಗೆ. ಒಂದೇ ಸೂಲಿನ ಮರಿಗಳಲ್ಲೇ ಇಷ್ಟು ವ್ಯತ್ಯಾಸವಿತ್ತೆಂಬುದನ್ನು ಮರೆತ ಮಾರಾಟಗಾರರು, ಅಲರ್ಜಿರಹಿತ ತಳಿಯೆಂದು ಪ್ರಚಾರ ಮಾಡಿ ಹಣ ಮಾಡಿಕೊಂಡರು. ಈ ತಳಿಯನ್ನು ಹುಟ್ಟುಹಾಕಿದ್ದಕ್ಕೆ ಕಾನ್ರನ್ 2019ರಲ್ಲಿ ಬಹಿರಂಗವಾಗಿಯೇ ಪರಿತಪಿಸಿದರು. 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪರೀಕ್ಷಿಸಿದಾಗ, 'ಅಲರ್ಜಿ ತಾರದ' ತಳಿಗಳೆನಿಸಿಕೊಂಡವುಗಳ ಕೂದಲಲ್ಲಿ ಕ್ಯಾನ್ ಎಫ್ 1 ಉಳಿದವಕ್ಕಿಂತ ಹೆಚ್ಚೇ ಇತ್ತು! ತಳಿಯ ಹೆಸರು ನೋಡಿ ದುಬಾರಿ ಬೆಲೆ ತೆರುವವರು ಇದನ್ನು ನೆನಪಿಡುವುದು ಒಳ್ಳೆಯದು. ಇನ್ನು ಕೆಲವರಿಗೆ ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವ 'ಕ್ಯಾನ್ ಎಫ್ 5' ಮಾತ್ರ ಆಗುವುದಿಲ್ಲ. ಅಂಥವರಿಗೆ ಹೆಣ್ಣು ನಾಯಿ ಒಗ್ಗಬಹುದು. ನಾಯಿಯನ್ನು ಮನೆಯಿಂದ ಕಳಿಸುವ ಮುನ್ನ ಅಲರ್ಜಿ ತಜ್ಞರಲ್ಲಿ ಪರೀಕ್ಷೆ ಮಾಡಿಸಬೇಕೆನ್ನುವುದು ಇದಕ್ಕಾಗಿಯೇ.

ನಮ್ಮ ದೇಶದಲ್ಲಿ ನಾಯಿಯ ಜೊಲ್ಲೆಂದರೆ ಮೊದಲು ನೆನಪಾಗುವುದು ಅಲರ್ಜಿಯಲ್ಲ, ಹುಚ್ಚುನಾಯಿ ರೋಗ. ಹೊಟ್ಟೆಯ ಮೇಲೆ ಚುಚ್ಚುತ್ತಿದ್ದ ಇಂಜೆಕ್ಷನ್ನುಗಳನ್ನು ಹಿರಿಯರು ಮರೆತಿರಲಾರರು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯಿಂದ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿಬಿದ್ದು ಪಾರ್ಶ್ವವಾಯು ಬಡಿದದ್ದೂ ಉಂಟು. 2005ರ ವೇಳೆಗೆ ಅದನ್ನು ಕೈಬಿಟ್ಟು ಸುರಕ್ಷಿತ ಲಸಿಕೆಗಳನ್ನು ಬಳಕೆಗೆ ತರಲಾಯಿತು.

ಎರಡರ ನಡುವಿನ ವ್ಯತ್ಯಾಸ ತಿಳಿದಿರಬೇಕು. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿ ದದ್ದೆದ್ದರೆ ಅದು ಅಲರ್ಜಿಯಿರಬಹುದು. ಸೋಪು ನೀರಿನಿಂದ ತೊಳೆದು ವೈದ್ಯರ ಸಲಹೆ ಪಡೆದರೆ ಸಾಕು. ಆದರೆ ತರಚಿದ ಗಾಯವನ್ನೋ ಕಣ್ಣು ಬಾಯಿಗಳನ್ನೋ ನೆಕ್ಕಿದರೆ ಅದು ಕಡಿತದಷ್ಟೇ ಗಂಭೀರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಗ ಹದಿನೈದು ನಿಮಿಷ ಸೋಪು ಹಚ್ಚಿ ಗಾಯ ತೊಳೆದು, ಕಣ್ಣು ಬಾಯಿಗಳನ್ನಾದರೆ ಬರೀ ನೀರಿನಿಂದ ಚೆನ್ನಾಗಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅಲರ್ಜಿಯ ಮಾತ್ರೆ ನುಂಗಿ ಸುಮ್ಮನಿದ್ದರೆ ಪ್ರಾಣಕ್ಕೇ ಸಂಚಕಾರ. ದದ್ದು ಇಳಿಯುತ್ತದೆ, ರೇಬಿಸ್ ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಅಸಾಧ್ಯವೆಂದೇ ಹೇಳಬೇಕು.