ರೆಂಡರಿಂಗ್‌ಗಾಗಿ ಮೆಟೀರಿಯಲ್ ಬಣ್ಣದ ಬದಲಾವಣೆ

ಕಟ್ಟಡ ವಿನ್ಯಾಸ ತಂತ್ರಾಂಶದಲ್ಲಿ ಮೆಟೀರಿಯಲ್ ಎಂದರೆ ಗೋಡೆ, ನೆಲ, ಸೂರು, ಬಾಗಿಲುಗಳಂಥ ಭಾಗಗಳಿಗೆ ಕೊಟ್ಟ ಸಾಮಗ್ರಿಯ ವಿವರಗಳ ಕಟ್ಟು. ಬಣ್ಣ, ಹೊಳಪು, ಮೇಲ್ಮೈಯ ತರಿ, ಪಾರದರ್ಶಕತೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಈ ವಿವರಗಳ ಮೇಲೆ ಬೆಳಕು ಬಿದ್ದಾಗ ಕಣ್ಣಿಗೆ ಏನು ಕಂಡೀತು ಎಂಬುದನ್ನು ಲೆಕ್ಕ ಹಾಕಿ ಚಿತ್ರ ಮೂಡಿಸುವುದೇ ರೆಂಡರಿಂಗ್. ಬಣ್ಣದ ಚೌಕದ ಮೇಲೆ ಕ್ಲಿಕ್ ಮಾಡಿ ಬೇರೊಂದನ್ನು ಆರಿಸುವುದು ಸುಲಭ. ಆದರೆ ಆ ಬಣ್ಣ ತಂತ್ರಾಂಶದೊಳಗೆ ಎಲ್ಲಿ ದಾಖಲಾಗಿದೆ, ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದನ್ನು ತಿಳಿಯದೆ ಮಾಡಿದ ಬದಲಾವಣೆಯಿಂದ ಚಿತ್ರ ನೈಜವಾಗುವುದಿಲ್ಲ.

ಹಿನ್ನೆಲೆ

ಮಂಕು ಮೇಲ್ಮೈಯಿಂದ ಬೆಳಕು ಚದುರುವ ನಿಯಮವನ್ನು ಯೋಹಾನ್ ಹೈನ್ರಿಖ್ ಲ್ಯಾಂಬರ್ಟ್ 1760ರಲ್ಲೇ ವಿವರಿಸಿದ್ದ. ಕಂಪ್ಯೂಟರ್ ಚಿತ್ರಗಳಿಗೆ ಹೊಳಪಿನ ಚುಕ್ಕೆಯನ್ನು ತಂದುಕೊಟ್ಟ ಬುಯಿ ತುವಾಂಗ್ ಫಾಂಗ್‌ನ ಸೂತ್ರ 1975ರಲ್ಲಿ ಪ್ರಕಟವಾಯಿತು. ಆ ಕಾಲದ ಚಿತ್ರಗಳಲ್ಲಿ ಯಾವ ವಸ್ತುವಿಗೆ ಯಾವ ಬಣ್ಣ ಕೊಟ್ಟರೂ ಅದು ಪ್ಲಾಸ್ಟಿಕ್‌ನಂತೆಯೇ ಕಾಣುತ್ತಿತ್ತು. ಅದಕ್ಕೆ ಕಾರಣವನ್ನು ರಾಬರ್ಟ್ ಕುಕ್ ಮತ್ತು ಕೆನೆತ್ ಟಾರೆನ್ಸ್ ತೋರಿಸಿದರು. ಪ್ಲಾಸ್ಟಿಕ್‌ನ ಹೊಳಪಿಗೆ ದೀಪದ ಬಣ್ಣವಿರುತ್ತದೆ, ತಾಮ್ರದ ಹೊಳಪಿಗಾದರೋ ತಾಮ್ರದ್ದೇ ಬಣ್ಣ. ಇಂದಿನ ತಂತ್ರಾಂಶಗಳಲ್ಲಿ ಲೋಹಗಳಿಗೆ ಪ್ರತ್ಯೇಕ ವರ್ಗವಿರುವುದು ಈ ತಿಳಿವಿನಿಂದಲೇ.

ಕಟ್ಟಡದ ಒಳಾಂಗಣದ ಮಟ್ಟಿಗೆ ಅತ್ಯಂತ ಮಹತ್ವದ ಹೆಜ್ಜೆಯೆಂದರೆ 1984ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಬಂದ ರೇಡಿಯಾಸಿಟಿ ವಿಧಾನ ಎನ್ನಬಹುದು. ಮಂಕು ಮೇಲ್ಮೈಗಳು ಒಂದರ ಮೇಲೊಂದು ಚೆಲ್ಲುವ ಬೆಳಕನ್ನು ಅದು ಲೆಕ್ಕಕ್ಕೆ ತಂದಿತು. 1986ರಲ್ಲಿ ಜೇಮ್ಸ್ ಕಜಿಯ ಮಂಡಿಸಿದ ರೆಂಡರಿಂಗ್ ಸಮೀಕರಣ ಇಂಥ ವಿಧಾನಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದಿತು.

ರೆವಿಟ್‌ನಲ್ಲಿ ಎರಡು ಬಣ್ಣಗಳು

ಆಟೊಡೆಸ್ಕ್ 2002ರಲ್ಲಿ ಕೊಂಡ ಕಟ್ಟಡ ವಿನ್ಯಾಸ ತಂತ್ರಾಂಶ ರೆವಿಟ್‌ನಲ್ಲಿ ಒಂದೊಂದು ಮೆಟೀರಿಯಲ್‌ಗೂ ಹಲವು ಪುಟಗಳಿವೆ. ‘ಗ್ರಾಫಿಕ್ಸ್’ ಪುಟದ ಶೇಡಿಂಗ್ ಬಣ್ಣ ಕಾಣಿಸಿಕೊಳ್ಳುವುದು ಶೇಡೆಡ್ ನೋಟದಲ್ಲಿ. ರಿಯಲಿಸ್ಟಿಕ್ ನೋಟ ಮತ್ತು ರೆಂಡರಿಂಗ್ ಎರಡೂ ‘ಅಪಿಯರೆನ್ಸ್’ ಪುಟವನ್ನು ನೋಡುತ್ತವೆ. ಗೋಡೆಗೆ ಹಸಿರು ಕೊಟ್ಟಿದ್ದರೂ ರೆಂಡರ್‌ನಲ್ಲಿ ಹಳೆಯ ಬೂದು ಬಣ್ಣವೇ ಬಂತು ಎಂಬ ದೂರಿನ ಮೂಲ ಸಾಮಾನ್ಯವಾಗಿ ಇಲ್ಲಿರುತ್ತದೆ. ಗ್ರಾಫಿಕ್ಸ್ ಪುಟದಲ್ಲಿ ‘ಯೂಸ್ ರೆಂಡರ್ ಅಪಿಯರೆನ್ಸ್’ ಎಂಬ ಗುರುತನ್ನು ಹಾಕಿದರೆ ಅಪಿಯರೆನ್ಸ್‌ನ ಬಣ್ಣ ಶೇಡಿಂಗ್‌ಗೂ ಬರುತ್ತದೆ. ಹಿಮ್ಮುಖವಾಗಿ ಈ ಕೊಂಡಿ ಕೆಲಸ ಮಾಡುವುದಿಲ್ಲ.

ಇನ್ನೊಂದು ತೊಡಕು ಹಂಚಿಕೆಯದು. ಅಪಿಯರೆನ್ಸ್ ಪುಟದ ವಿವರಗಳ ಕಟ್ಟಿಗೆ ಅಸೆಟ್ ಎನ್ನುತ್ತಾರೆ. ಒಂದು ಅಪಿಯರೆನ್ಸ್ ಅಸೆಟ್ ಅನ್ನು ಹಲವು ಮೆಟೀರಿಯಲ್‌ಗಳು ಒಟ್ಟಿಗೆ ಬಳಸುತ್ತಿರಬಹುದು. ಅಸೆಟ್‌ನ ಹೆಸರಿನ ಬಳಿ ಕೈಯ ಚಿತ್ರವೂ ಒಂದು ಅಂಕಿಯೂ ಕಾಣುತ್ತವೆ. ಎಷ್ಟು ಮೆಟೀರಿಯಲ್‌ಗಳು ಅದನ್ನು ಹಂಚಿಕೊಂಡಿವೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಅಲ್ಲಿ 3 ಎಂದಿದ್ದು, ಮಲಗುವ ಕೋಣೆಯ ಗೋಡೆಗಷ್ಟೇ ನೀಲಿ ಬೇಕೆಂದು ಬಣ್ಣ ತಿದ್ದಿದರೆ ಅಸೆಟ್ ಹಂಚಿಕೊಂಡ ಉಳಿದ ಮೆಟೀರಿಯಲ್‌ಗಳೂ ನೀಲಿಯಾಗುತ್ತವೆ. ಮೆಟೀರಿಯಲ್‌ನ ನಕಲು ಮಾಡಿಕೊಂಡ ಮಾತ್ರಕ್ಕೆ ಅಸೆಟ್ ಬೇರೆಯಾಯಿತೆಂದು ನೆಚ್ಚುವಂತಿಲ್ಲ. ತಿದ್ದುವ ಮೊದಲು ಅಸೆಟ್‌ನದೇ ನಕಲು ಮಾಡಿಕೊಂಡು, ಅಂಕಿ ಸೊನ್ನೆಗೆ ಇಳಿದಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಇಟ್ಟಿಗೆ, ಮರ, ಕಲ್ಲಿನಂಥ ಮೆಟೀರಿಯಲ್‌ಗಳಲ್ಲಿ ಬಣ್ಣದ ಜಾಗದಲ್ಲಿ ಚಿತ್ರವೊಂದು ಕೂತಿರುತ್ತದೆ. ಅಲ್ಲಿ ಎರಡು ದಾರಿಗಳಿವೆ: ಚಿತ್ರವನ್ನು ತೆಗೆದು ಬರಿಯ ಬಣ್ಣ ಕೊಡುವುದು, ಇಲ್ಲವೇ ಚಿತ್ರವನ್ನು ಉಳಿಸಿಕೊಂಡು ಅದರ ಮೇಲೆ ಟಿಂಟ್ ಹಾಕುವುದು. ಸಂದುಗಳೂ ಎಳೆಗಳೂ ಅಳಿಯದೆ ಉಳಿಯುವುದರಿಂದ ಎರಡನೆಯದೇ ಮೇಲು. ಒಂದೇ ಗೋಡೆಯ ಒಂದು ಭಾಗಕ್ಕೆ ಮಾತ್ರ ಬೇರೆ ಬಣ್ಣ ಬೇಕಾದಾಗ ಮುಖವನ್ನು ವಿಭಜಿಸಿ ಪೇಂಟ್ ಉಪಕರಣ ಬಳಸುತ್ತಾರೆ.

ಇತರ ತಂತ್ರಾಂಶಗಳು

ಸ್ಕೆಚ್‌ಅಪ್‌ನ ವ್ಯವಸ್ಥೆ ಸರಳ. ಮಾದರಿಯಲ್ಲಿರುವ ಮೆಟೀರಿಯಲ್‌ನ ಬಣ್ಣ ತಿದ್ದಿದ ಕೂಡಲೆ ಅದನ್ನು ಹಚ್ಚಿದ ಕಡೆಗಳಲ್ಲೆಲ್ಲ ಬದಲಾಗುತ್ತದೆ. ‘ಕಲರೈಸ್’ ಗುರುತು ಹಾಕಿದರೆ ಟೆಕ್ಸ್ಚರ್‌ನಲ್ಲಿರುವ ನಾನಾ ಛಾಯೆಗಳು ಒಂದೇ ವರ್ಣಕ್ಕೆ ಇಳಿಯುತ್ತವೆ. ಆರ್ಕಿಕ್ಯಾಡ್‌ನಲ್ಲಿ ಕಟ್ಟುವ ಸಾಮಗ್ರಿ ಮತ್ತು ಮೇಲ್ಮೈ ಎರಡೂ ಪ್ರತ್ಯೇಕ. ಬಣ್ಣ ತಿದ್ದಬೇಕಾದುದು ಮೇಲ್ಮೈಯ ಸೆಟ್ಟಿಂಗ್‌ನಲ್ಲಿ.

ಪ್ರತಿಫಲನದ ಪ್ರಮಾಣ

ಬಳಕೆಯ ಕೈಪಿಡಿಗಳಲ್ಲಿ ಈ ವಿಷಯಕ್ಕೆ ಹೆಚ್ಚು ಜಾಗ ಸಿಗುವುದಿಲ್ಲ. ಆದರೆ ಚಿತ್ರ ನಂಬುವಂತಿರುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಮೆಟೀರಿಯಲ್‌ಗೆ ಕೊಟ್ಟ ಬಣ್ಣವನ್ನು ರೆಂಡರ್ ಎಂಜಿನ್ ಪ್ರತಿಫಲನದ ಪ್ರಮಾಣವೆಂದೇ ಓದುತ್ತದೆ. ಕೆಂಪು, ಹಸಿರು, ನೀಲಿ ಮೂರೂ 255 ಇರುವ ಅಚ್ಚ ಬಿಳಿ ಎಂದರೆ ಬಿದ್ದ ಬೆಳಕಷ್ಟನ್ನೂ ಹಿಂದಿರುಗಿಸುವ ಗೋಡೆ. ಅಂಥ ಗೋಡೆಯನ್ನು ಯಾವ ಪೇಂಟರೂ ಬಳಿಯಲಾರ. ಒಳ್ಳೆಯ ಬಿಳಿ ಪೇಂಟ್ ಸುಮಾರು ಶೇ. 80ರಿಂದ 85ರಷ್ಟನ್ನು ಹಿಂದಿರುಗಿಸುತ್ತದೆ.

ಈ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಕೋಣೆಯೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಶೇ. 80ರ ಗೋಡೆಗಳ ನಡುವೆ ಐದು ಸಲ ಪುಟಿದ ಬೆಳಕಿನಲ್ಲಿ ಉಳಿಯುವುದು ಶೇ. 33, ಶೇ. 100ರ ಗೋಡೆಗಳ ನಡುವೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮೂಲೆಗಳ ನೆರಳು ತೊಳೆದುಹೋಗಿ, ಕೋಣೆ ಆಳವಿಲ್ಲದೆ ಬಿಳಚಿಕೊಳ್ಳುವುದು ಇದರಿಂದ.

ಆರ್‌ಜಿಬಿ ಅಂಕಿಗೂ ಪ್ರತಿಫಲನಕ್ಕೂ ಇರುವ ಸಂಬಂಧ ನೇರವಾದದ್ದಲ್ಲ. ಪರದೆಗಳು ಬಳಸುವ ಎಸ್‌ಆರ್‌ಜಿಬಿ ಪದ್ಧತಿಯಲ್ಲಿ 128 ಎಂದರೆ ಅರ್ಧ ಬೆಳಕಲ್ಲ, ಕೇವಲ ಶೇ. 21.6. ಅರ್ಧ ಬೆಳಕಿಗೆ 188 ಬೇಕು, ಶೇ. 80ಕ್ಕೆ 231. ಆದ್ದರಿಂದ ಬಿಳಿ ಗೋಡೆಗೆ 230ರ ಆಸುಪಾಸಿನ ಅಂಕಿ ಕೊಟ್ಟು, ಮಂಕಾಯಿತೆನಿಸಿದರೆ ಗೋಡೆಯ ಬಣ್ಣವನ್ನು ಮುಟ್ಟದೆ ಎಕ್ಸ್‌ಪೋಷರ್ ಏರಿಸುವುದು ಸರಿಯಾದ ಕ್ರಮ. ತೀರ ಕಪ್ಪಿಗೂ ಇದೇ ಮಾತು ಸಲ್ಲುತ್ತದೆ: ಇದ್ದಿಲು ಕೂಡ ಶೇ. 4ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ.

ಪುಟಿದ ಬೆಳಕು ಬಣ್ಣವನ್ನೂ ಹೊತ್ತು ತರುತ್ತದೆ. ಹಳೆಯ ಬೆಂಗಳೂರಿನ ಮನೆಗಳಲ್ಲಿರುವಂಥ ರೆಡ್ ಆಕ್ಸೈಡ್ ನೆಲದ ಮೇಲೆ ಕಿಟಕಿಯ ಬಿಸಿಲು ಬಿದ್ದರೆ ಪಕ್ಕದ ಬಿಳಿ ಗೋಡೆಯ ಕೆಳಭಾಗಕ್ಕೆ ತೆಳುವಾದ ಕೆಂಪು ಹತ್ತುತ್ತದೆ. ರೆಂಡರ್‌ನಲ್ಲೂ ಅದು ಬರಬೇಕು. ಇಡೀ ಗೋಡೆ ಗುಲಾಬಿಯಾದರೆ ಮೊದಲು ಅನುಮಾನಿಸಬೇಕಾದುದು ನೆಲದ ಬಣ್ಣದ ಗಾಢತೆಯನ್ನು. ಪರದೆಯ ಮೇಲೆ ಚೆಂದ ಕಂಡಿತೆಂದು ಆರಿಸಿದ ಕೆಂಪು ನಿಜವಾದ ಆಕ್ಸೈಡ್‌ಗಿಂತ ಎಷ್ಟೋ ಗಾಢವಾಗಿರುವುದುಂಟು. ಅದನ್ನು ಇಳಿಸಿದರೆ ಗೋಡೆ ತಾನಾಗಿ ಸರಿಹೋಗುತ್ತದೆ.

ಪೇಂಟ್ ಸಂಕೇತಗಳು

ಶೇಡ್ ಕಾರ್ಡಿನ ಬಣ್ಣಕ್ಕೆ ಕಂಪನಿಗಳು ಕೊಡುವ ಆರ್‌ಜಿಬಿ ಅಂಕಿಯನ್ನು ಅಂದಾಜು ಎಂದೇ ತಿಳಿಯಬೇಕು. 1927ರಲ್ಲಿ ಜರ್ಮನಿಯಲ್ಲಿ ಆರಂಭವಾದ ಆರ್‌ಎಎಲ್ ಸಂಕೇತಗಳು, ಉದಾಹರಣೆಗೆ ಅಲ್ಯೂಮಿನಿಯಂ ಕಿಟಕಿ ಚೌಕಟ್ಟುಗಳಲ್ಲಿ ಕಾಣುವ ಕಡು ಬೂದು 7016, ಇದಕ್ಕೆ ಹೊರತಲ್ಲ. ಸಂಕೇತದ ಜೊತೆ ಬೆಳಕಿನ ಪ್ರತಿಫಲನ ಮೌಲ್ಯವೂ (0ರಿಂದ 100) ನಮೂದಾಗಿದ್ದರೆ ಅದಕ್ಕೆ ಹೊಂದುವಂತೆ ಆರ್‌ಜಿಬಿಯನ್ನು ತಿದ್ದಿಕೊಳ್ಳಬಹುದು. ಹೊಳಪಿನ ಮಟ್ಟವನ್ನೂ ಗಮನಿಸಬೇಕು: ಒಂದೇ ಬಣ್ಣ ಮ್ಯಾಟ್‌ನಲ್ಲಿ ತಿಳಿಯಾಗಿಯೂ ಗ್ಲಾಸಿ ಫಿನಿಶ್‌ನಲ್ಲಿ ಕಡುವಾಗಿಯೂ ತೋರುತ್ತದೆ. 2700 ಕೆಲ್ವಿನ್‌ನ ಹಳದಿ ದೀಪದಡಿಯಲ್ಲಿ ಬಣ್ಣವನ್ನು ತೂಗಿನೋಡುವ ಮೊದಲು ಅದೇ ಮಾದರಿಯನ್ನು ಹಗಲ ಬೆಳಕಿನಲ್ಲೊಮ್ಮೆ ರೆಂಡರ್ ಮಾಡಿ, ಮಾಪನ ಸರಿಪಡಿಸಿದ ಪರದೆಯಲ್ಲಿ ನೋಡಿದರೆ ದೀಪದ ಪಾಲೆಷ್ಟು, ಪೇಂಟಿನ ಪಾಲೆಷ್ಟು ಎಂಬುದು ಬೇರ್ಪಡುತ್ತದೆ.