ಧಾರವಾಡದ ಒಂದು ಅರ್ಜಿ

ಶಾಲೆಗಳನ್ನು ಸುಧಾರಿಸಲು ಸರ್ಕಾರ ಆಯೋಗ ನೇಮಿಸುವುದು, ಆಯೋಗ ಜನರ ಅಭಿಪ್ರಾಯ ಕೇಳುವುದು ನಮಗೀಗ ರೂಢಿಯ ಸಂಗತಿ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಾಗ ನನಗೆ ಹುಟ್ಟಿದ ಕುತೂಹಲವೇ ಬೇರೆ. ಧಾರವಾಡ ಸೀಮೆಯಿಂದ ಸಾಲಿಯ ಬಗ್ಗೆ ಸರ್ಕಾರವನ್ನು ಹಿಂದೆ ಯಾರು ಯಾರು ಏನೇನು ಕೇಳಿದ್ದರು? ಇಲ್ಲಿ ಈ ಮಾತು ಎತ್ತಿದರೆ ಸಾಕು, ಡೆಪ್ಯುಟಿ ಚನ್ನಬಸಪ್ಪನವರ ಹೆಸರು, ರಸೆಲ್ ಸಾಹೇಬರ ಹೆಸರು ತಾನಾಗಿ ಬರುತ್ತವೆ. ಮರಾಠಿಯ ದರ್ಬಾರಿನಲ್ಲಿ ಕನ್ನಡ ಶಾಲೆ ಕಟ್ಟಿದವರು, ಬರಲೇಬೇಕು. ಆದರೆ ಅವರಿಬ್ಬರೂ ಇಲಾಖೆಯ ಅಧಿಕಾರಿಗಳು. ನನಗೆ ಬೇಕಾಗಿದ್ದದ್ದು ಹೊರಗೆ ನಿಂತು ಕೇಳಿದವರ ದನಿ.

ಅದು ಸಿಕ್ಕಿದ್ದು ನಾನು ಹುಡುಕದ ಜಾಗದಲ್ಲಿ. ಮಹಾರಾಷ್ಟ್ರ ಸರ್ಕಾರ 1982ರಲ್ಲಿ ತಂದ ಅಂಬೇಡ್ಕರ್ ಬರಹಗಳ ಎರಡನೆಯ ಸಂಪುಟದಲ್ಲಿ, ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಅವರು 1928ರ ಮೇ 29ರಂದು ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯೊಂದಿದೆ. ಮುಂಬೈ ಪ್ರಾಂತ್ಯದಲ್ಲಿ ದಲಿತರ ಶಿಕ್ಷಣ ಯಾವ ಸ್ಥಿತಿಯಲ್ಲಿದೆ ಎಂಬುದು ಅದರ ವಿಷಯ. ಹಾಳೆ ತಿರುವುತ್ತಾ ಹೋದವನು ಧಾರವಾಡ ಎಂಬ ಹೆಸರು ಕಂಡು ನಿಂತೆ.

1856ರ ಜೂನ್. ಮಹಾರ್ ಹುಡುಗನೊಬ್ಬನ ಹೆಸರಿನಲ್ಲಿ ಮುಂಬೈ ಸರ್ಕಾರಕ್ಕೆ ಅರ್ಜಿ ಹೋಗಿದೆ. ಎಲ್ಲರಂತೆ ಫೀ ಕೊಡಲು ತಯಾರಿದ್ದೇನೆ, ಆದರೂ ಧಾರವಾಡದ ಸರ್ಕಾರಿ ಶಾಲೆಯಲ್ಲಿ ನನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅಹವಾಲು. ಸರ್ಕಾರ ಜುಲೈ 21ಕ್ಕೆ ಠರಾವು ಮಾಡಿತು. ಈ ಠರಾವನ್ನು ಓದಬೇಕು, ಅದೂ ನಿಧಾನವಾಗಿ ಓದಬೇಕು. ಮೊದಲು, ಇದು ಬಹಳ ಕಷ್ಟದ ಪ್ರಶ್ನೆ ಎಂಬ ಪೀಠಿಕೆ. ಆಮೇಲೆ, ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗೇ ಇದೆ, ಅದರಲ್ಲಿ ಅನುಮಾನವಿಲ್ಲ ಎಂಬ ಒಪ್ಪಿಗೆ. ಅದರ ಬೆನ್ನಿಗೇ, ತಲತಲಾಂತರದ ಪೂರ್ವಗ್ರಹಗಳಲ್ಲಿ ಒಬ್ಬಿಬ್ಬರಿಗಾಗಿ ಏಕಾಏಕಿ ಕೈಹಾಕಿದರೆ ಶಿಕ್ಷಣಕ್ಕೇ ಧಕ್ಕೆಯಾದೀತು, ಈ ತೊಂದರೆ ಸರ್ಕಾರ ತಂದಿಟ್ಟದ್ದೇನಲ್ಲ ಎಂದು ಕೈತೊಳೆದುಕೊಳ್ಳುವುದು. ನ್ಯಾಯ ನಿನ್ನದು, ಸೀಟು ಅವರದು! ಅರ್ಜಿಗೆ ಹಿಂಬರಹ ಕೊಡುವ ಈ ಕಲೆ ನಮ್ಮ ಕಚೇರಿಗಳಿಗೆ ಎಲ್ಲಿಂದ ಬಂತು ಎಂದು ಬೇರೆ ಸಂಶೋಧನೆ ಮಾಡಬೇಕಾಗಿಲ್ಲ.

ಹುಡುಗ ಸೋತ, ಆದರೆ ಕಾಗದ ಸುಮ್ಮನಿರಲಿಲ್ಲ. ಪ್ರಕರಣ ಕಲ್ಕತ್ತೆಗೆ ಹೋಯಿತು. 1857ರ ಜನವರಿ 23ರ ಪತ್ರದಲ್ಲಿ ಭಾರತ ಸರ್ಕಾರ, ಮುಂಬೈಯವರು ಜಾಣತನದಿಂದಲೇ ನಡೆದುಕೊಂಡಿರಬಹುದು ಎಂದು ಬೆನ್ನುತಟ್ಟಿ, ಬಂಗಾಳದಲ್ಲಾಗಿದ್ದರೆ ಈ ಹುಡುಗನಿಗೆ ಯಾವ ಸರ್ಕಾರಿ ಶಾಲೆಯಲ್ಲೂ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂದು ಚುಚ್ಚಿತು. ಅಲ್ಲಿಂದ ವಿಷಯ ಲಂಡನ್ನಿಗೆ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರ ಏಪ್ರಿಲ್ 28ರಂದು ಖಂಡಿತವಾಗಿ ಹೇಳಿದರು: ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು. ಇದರಿಂದ ಕೆಲವು ಮಕ್ಕಳು ಬಿಟ್ಟುಹೋದರೂ ಸರಿ. ಒಪ್ಪದವರು ತಮ್ಮ ವಂತಿಗೆ ಹಿಂತೆಗೆದುಕೊಂಡು ಬೇರೆ ಶಾಲೆ ಕಟ್ಟಿಕೊಳ್ಳಲಿ.

ವಂತಿಗೆಯ ಮಾತು ಇಲ್ಲೇಕೆ ಬಂತು? ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿಕೈ ಇದೇ. ಆಗ ಮುಂಬೈ ಪ್ರಾಂತ್ಯದ ಅನೇಕ ಶಾಲೆಗಳು ನಡೆಯುತ್ತಿದ್ದದ್ದು ಅರ್ಧ ಸರ್ಕಾರದ ದುಡ್ಡಿನಲ್ಲಿ, ಅರ್ಧ ಊರವರ ದುಡ್ಡಿನಲ್ಲಿ. ದುಡ್ಡು ಕೊಡುವ ಊರವರ ಅಸಮಾಧಾನವೇ ಸರ್ಕಾರದ ಕಣ್ಣಿಗೆ ಜನಾಭಿಪ್ರಾಯವಾಗಿ ಕಂಡಿತು. ಅರ್ಜಿ ಹಾಕಿದ ಹುಡುಗನದು ಒಬ್ಬ ವ್ಯಕ್ತಿಯ ಅಹವಾಲು ಮಾತ್ರ. ಮುಂದೆ ಮುಂಬೈ ಸರ್ಕಾರ ಹೊರಡಿಸಿದ ಪ್ರಕಟಣೆಯಲ್ಲೂ ಈ ಗೆರೆ ಅಳಿಸಲಿಲ್ಲ. ಪೂರ್ತಿ ಸರ್ಕಾರಿ ಖರ್ಚಿನ ಶಾಲೆಗಳು ಎಲ್ಲರಿಗೂ ಮುಕ್ತ. ಊರವರ ಪಾಲಿರುವ ಶಾಲೆಗಳಲ್ಲಿ, ಅವರು ಬೇಡವೆಂದರೆ, ಕೆಳಜಾತಿಯ ಮಕ್ಕಳನ್ನು ತಂದು ಕೂರಿಸುವ ಇರಾದೆ ಇಲ್ಲ, ಆದರೆ ಅಂಥ ಶಾಲೆಗೆ ಅನುದಾನ ನಿಲ್ಲಿಸುವ ಹಕ್ಕು ನಮ್ಮ ಬಳಿ ಇದೆ ಎಂದಿತು.

ಅಂಬೇಡ್ಕರರ ಹೇಳಿಕೆಯಿಂದ ಹಂಟರ್ ಆಯೋಗದ ವರದಿಗೆ ಹೋದೆ. 1882ರಲ್ಲಿ ನೇಮಕವಾದ ಈ ಶಿಕ್ಷಣ ಆಯೋಗ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸುತ್ತಿ ಸಾಕ್ಷ್ಯ ಕೇಳಿತು. ಅದಕ್ಕೆ ಬಂದ ಮನವಿಗಳೇ 300ಕ್ಕೂ ಹೆಚ್ಚು. ಪುಣೆಯ ಜೋತಿರಾವ್ ಫುಲೆ ಅಕ್ಟೋಬರ್ 19ರ ತಮ್ಮ ಮನವಿಯಲ್ಲಿ, ಮಹಾರ್ ಮಾಂಗ್ ಮಕ್ಕಳನ್ನು ಮೇಲ್ಜಾತಿಯ ಮಕ್ಕಳ ಪಕ್ಕ ಕೂರಿಸುವುದಿಲ್ಲ, ಹಾಗಾಗಿ ಅವರು ಶಾಲೆಗಳಿಂದ ಹೊರಗೇ ಉಳಿದಿದ್ದಾರೆ ಎಂದು ಬರೆದರು. ಧಾರವಾಡದ ಅರ್ಜಿಗೆ ಆಗ 26 ವರ್ಷ.

ವರದಿಯ ಶಿಫಾರಸುಗಳಲ್ಲಿ ಒಂದನ್ನು ಓದುವಾಗ ತಾರೀಖುಗಳು ಕಣ್ಣಿಗೆ ಬಿದ್ದವು. ಜಾತಿಯ ಕಾರಣಕ್ಕೇ ಯಾವ ಹುಡುಗನಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಕೂಡದು ಎಂಬ ತತ್ವವನ್ನು ನಿರ್ದೇಶಕರು ಮೊದಲು ಹೇಳಿದ್ದು 1854ರ ಮೇ 5ರ ಪತ್ರದಲ್ಲಂತೆ. ಅಂದರೆ ಧಾರವಾಡದ ಹುಡುಗ ಶಾಲೆಯ ಬಾಗಿಲಿಗೆ ಹೋಗುವ ಎರಡು ವರ್ಷ ಮೊದಲೇ ಅವನ ಹಕ್ಕು ಕಾಗದದ ಮೇಲಿತ್ತು. ಅವನು ಹೊಸದೇನನ್ನೂ ಕೇಳಿರಲಿಲ್ಲ! ಭಾರತ ಸರ್ಕಾರದ ಯಾವ ಪತ್ರಕ್ಕೆ ಉತ್ತರವಾಗಿ ನಿರ್ದೇಶಕರು ಆ ತತ್ವವನ್ನು ಮತ್ತೆ ಹೇಳಿದರೋ ಆ ಪತ್ರದ ತಾರೀಖು 1857ರ ಮೇ 20, ಮೀರತ್ತಿನಲ್ಲಿ ಸಿಪಾಯಿಗಳು ದಂಗೆ ಎದ್ದ ಹತ್ತನೆಯ ದಿನ. ದಿಲ್ಲಿ ಕೈಬಿಟ್ಟ ಗಳಿಗೆಯಲ್ಲೂ ಕಡತ ತನ್ನ ದಾರಿ ಹಿಡಿದು ಹೋಗುತ್ತಿತ್ತು. 1863ರಲ್ಲಿ ಮತ್ತೊಮ್ಮೆ ಅದೇ ತತ್ವ. 1882ರ ಆಯೋಗವೂ ಅದನ್ನೇ ಎತ್ತಿಹಿಡಿದು, ಜಾರಿಮಾಡುವಾಗ ಎಚ್ಚರವಿರಲಿ ಎಂಬ ಬಾಲ ಅಂಟಿಸಿತು. ಅಗತ್ಯವಿದ್ದಲ್ಲಿ ಕೆಳಜಾತಿಯ ಮಕ್ಕಳಿಗೆ ಪ್ರತ್ಯೇಕ ಶಾಲೆ ತೆರೆಯಲು ಉತ್ತೇಜನ ಕೊಡಿ ಎಂದಿತು.

ಅಷ್ಟು ಹೊತ್ತಿಗೆ ಫಲ ಎಷ್ಟಿತ್ತು? ಅಂಬೇಡ್ಕರ್ ಕೊಡುವ 1881-82ರ ಪಟ್ಟಿಯಲ್ಲಿ, ಮುಂಬೈ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿದ್ದ ಕೆಳಜಾತಿಯ ಹಿಂದೂ ಮಕ್ಕಳು 2,862. ನೂರಕ್ಕೆ ಒಂದೂ ಇಲ್ಲ. ಈ ಲೆಕ್ಕ ಬರೆದವರು ಸ್ವತಃ ಸಾತಾರದ ಶಾಲೆಗೆ ಮನೆಯಿಂದ ಗೋಣಿತಟ್ಟು ಹೊತ್ತು ಹೋಗಿ, ಉಳಿದವರಿಂದ ದೂರ ಕೂತು ಓದಿದವರು. ಆಯೋಗಗಳ ಭಾಷೆಯನ್ನು ಅವರು ಅಷ್ಟು ಕಟುವಾಗಿ ಬಿಚ್ಚಿಟ್ಟಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಸೈಮನ್ ಆಯೋಗಕ್ಕೆ ಹೇಳಿಕೆ ಕೊಟ್ಟ ಕೆಲವೇ ದಿನಗಳಲ್ಲಿ ಅವರು ದಲಿತ ಶಿಕ್ಷಣ ಸಂಘ ಕಟ್ಟಿದರು, ಮುಂದೆ ಧಾರವಾಡದಲ್ಲೂ ದಲಿತ ವಿದ್ಯಾರ್ಥಿಗಳ ಬೋರ್ಡಿಂಗ್ ತಲೆಯೆತ್ತಿತು.

ಅಂಬೇಡ್ಕರ್ ಉದ್ಧರಿಸಿದ ಠರಾವಿನಲ್ಲಿ ಈ ಹುಡುಗ ಬರೀ ‘ಅರ್ಜಿದಾರ’. ಧಾರವಾಡ ಜಿಲ್ಲೆಯ ಹಳೆಯ ಶಾಲೆಗಳ ಮಾಸ್ತರರಲ್ಲಿ, ಎಸ್‌ಡಿಎಂಸಿಯವರಲ್ಲಿ ಒಂದು ಕೋರಿಕೆ: ನಿಮ್ಮ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿರುವ ದಾಖಲಾತಿ ರಜಿಸ್ಟರುಗಳನ್ನು ರದ್ದಿಗೆ ಹಾಕಬೇಡಿ. ಯಾರನ್ನು ಯಾವ ವರ್ಷ ಸೇರಿಸಿಕೊಂಡರು ಎಂಬುದಕ್ಕೆ ಠರಾವುಗಳಿಗಿಂತ ಆ ಪುಸ್ತಕಗಳು ನಂಬಿಕೆಗೆ ಅರ್ಹ.